ಎಳೆಗೂಸಿನ ಹೃದಯ, ವಿಟಮಿನ್ ಡಿ ಕೊರತೆ, ರಿಕೆಟ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ವರ್ಷದೊಳಗಿನ ಮಕ್ಕಳ ಅಪ್ಪ ಅಮ್ಮಂದಿರು, ಬಾಣಂತನ ಮಾಡುವ ಅಜ್ಜಿಯರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಕೇಳುವ ಪ್ರಶ್ನೆಗಳು ಇಲ್ಲಿವೆ. ನಡುವೆ ಒಂದೆರಡು ಉತ್ತರ ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರು, ನರ್ಸುಗಳಿಗೆ. ಚಿಕಿತ್ಸೆಯ ಔಷಧದ ಅಳತೆ ಬರೆದಿರುವುದು ಡಾಕ್ಟರ ಚೀಟಿ ಅರ್ಥವಾಗಲಿ ಎಂದು, ಚೀಟಿ ಇಲ್ಲದೆ ಕೊಡಲಿ ಎಂದಲ್ಲ.

ಡಿ ಕಡಿಮೆಯಾದರೆ ಕಾಲು ಸೊಟ್ಟಗಾಗುತ್ತೆ ಅಂತ ಗೊತ್ತು. ಹೃದಯಕ್ಕೂ ಅದಕ್ಕೂ ಏನು ಸಂಬಂಧ?

ನಡುವಿನ ಕೊಂಡಿ ಕ್ಯಾಲ್ಸಿಯಂ. ಹಾಲಿನಲ್ಲಿರುವ ಕ್ಯಾಲ್ಸಿಯಂ ಅನ್ನು ಕರುಳು ಹೀರಿಕೊಳ್ಳಲು ವಿಟಮಿನ್ ಡಿ ಬೇಕು. ಡಿ ಸಾಕಷ್ಟಿದ್ದರೆ ಹೊಟ್ಟೆಗೆ ಹೋದ ಕ್ಯಾಲ್ಸಿಯಂನಲ್ಲಿ ಶೇ. 30ರಿಂದ 40ರಷ್ಟು ರಕ್ತ ಸೇರುತ್ತದೆ. ಡಿ ಇಲ್ಲದಿದ್ದರೆ ಸೇರುವುದು ಶೇ. 10ರಿಂದ 15 ಮಾತ್ರ. ಆಗ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಿಂದ ಕ್ಯಾಲ್ಸಿಯಂ ಕಡ ತಂದು ರಕ್ತಕ್ಕೆ ತುಂಬುತ್ತವೆ. ಈ ಗ್ರಂಥಿಗಳ ಹಾರ್ಮೋನು (ಪಿಟಿಎಚ್) ಮೂತ್ರದಲ್ಲಿ ಫಾಸ್ಫೇಟನ್ನು ಸೋರಿಸಿಬಿಡುವುದರಿಂದ ಬೆಳೆಯುವ ಮೂಳೆಯ ತುದಿ ಗಟ್ಟಿಯಾಗದೆ ಉಳಿಯುತ್ತದೆ. ಇದು ರಿಕೆಟ್ಸ್.

ಈ ಕಡವೂ ಸಾಲದೆ ಹೋದಾಗ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. ಹೃದಯದ ಸ್ನಾಯು ಕುಗ್ಗಬೇಕಾದರೆ ಪ್ರತಿ ಬಡಿತದಲ್ಲೂ ಕ್ಯಾಲ್ಸಿಯಂ ಜೀವಕೋಶದೊಳಗೆ ನುಗ್ಗಬೇಕು. ಅದು ಸಾಲದಾದರೆ ಬಡಿತ ಇರುತ್ತದೆ, ಒತ್ತುವ ಬಲ ಇರುವುದಿಲ್ಲ. ಎಡ ಕೋಣೆ ರಕ್ತವನ್ನು ಪೂರ್ತಿ ಹೊರಹಾಕಲಾರದೆ ಹಿಗ್ಗುತ್ತದೆ. ವೈದ್ಯರು ಇದನ್ನು ಡೈಲೇಟೆಡ್ ಕಾರ್ಡಿಯೋಮಯೋಪತಿ ಎನ್ನುತ್ತಾರೆ. ಈ ಹೆಸರಿನ ಕಾಯಿಲೆಗಳಲ್ಲಿ ಹೆಚ್ಚಿನವು ಪೂರ್ತಿ ವಾಸಿಯಾಗುವಂಥವಲ್ಲ. ಕ್ಯಾಲ್ಸಿಯಂ ಕೊರತೆಯಿಂದ ಬಂದದ್ದು ವಾಸಿಯಾಗುತ್ತದೆ. ಅದಕ್ಕೇ ಇದನ್ನು ತಪ್ಪದೆ ಹುಡುಕಬೇಕು.

ದೊಡ್ಡವರಿಗೂ ಡಿ ಕಡಿಮೆ ಇರುತ್ತಲ್ಲ? ಮಗುವಿನ ಹೃದಯವೇ ಏಕೆ ಸೋಲುತ್ತೆ?

ದೊಡ್ಡವರ ಹೃದಯದ ಜೀವಕೋಶದೊಳಗೆ ಕ್ಯಾಲ್ಸಿಯಂ ಕೂಡಿಡುವ ಉಗ್ರಾಣ ಇರುತ್ತದೆ. ಪ್ರತಿ ಬಡಿತಕ್ಕೂ ಬೇಕಾದ್ದರಲ್ಲಿ ಹೆಚ್ಚಿನ ಪಾಲು ಅಲ್ಲಿಂದಲೇ ಬರುತ್ತದೆ. ಎಳೆಗೂಸಿನಲ್ಲಿ ಆ ಉಗ್ರಾಣ ಇನ್ನೂ ಬಲಿತಿರುವುದಿಲ್ಲ. ರಕ್ತದಿಂದ ಆ ಹೊತ್ತಿಗೆ ಬಂದದ್ದೇ ಗತಿ, ದಿನಗೂಲಿಯ ಸಂಸಾರದ ಹಾಗೆ. ಜೊತೆಗೆ ಮೊದಲ ಐದಾರು ತಿಂಗಳಲ್ಲಿ ಮಗುವಿನ ತೂಕ ಎರಡರಷ್ಟಾಗುವುದರಿಂದ ಮೂಳೆಯೂ ಕ್ಯಾಲ್ಸಿಯಂ ಕೇಳುತ್ತಿರುತ್ತದೆ.

ಇದು ತುಂಬಾ ಅಪರೂಪವಲ್ಲವೇ?

ಡಿ ಕೊರತೆ ಇರುವ ಮಕ್ಕಳಲ್ಲಿ ಹೃದಯ ಸೋಲುವವರು ಕೆಲವರೇ. ಆದರೆ ಸೋತಾಗ ಆಗುವ ಅಪಾಯ ಸಣ್ಣದಲ್ಲ. 2000ದಿಂದ 2006ರ ನಡುವೆ ಲಂಡನ್ ಸೀಮೆಯಲ್ಲಿ ಹೀಗೆ ಹೃದಯ ಸೋತು ಬಂದ 16 ಶಿಶುಗಳ ವಿವರ 2008ರಲ್ಲಿ ಪ್ರಕಟವಾಯಿತು. 6 ಶಿಶುಗಳು ಭಾರತ ಉಪಖಂಡದ ಮೂಲದವು, 10 ಕಪ್ಪು ವರ್ಣದವರ ಮಕ್ಕಳು. ವಯಸ್ಸು 3 ವಾರದಿಂದ 8 ತಿಂಗಳು. 6 ಮಕ್ಕಳಿಗೆ ಹೃದಯ ನಿಂತೇ ಹೋಗಿತ್ತು, 3 ಮಕ್ಕಳು ತೀರಿಕೊಂಡವು. ಅದು ಮೋಡದ ನಾಡು, ಹಾಗಾಯಿತು ಎಂದು ನಾವು ನೆಮ್ಮದಿಯಿಂದ ಇರುವಂತಿಲ್ಲ. ಭಾರತದ ಆಸ್ಪತ್ರೆಗಳಿಂದಲೂ ಇಂಥ ವರದಿಗಳು ಬಂದಿವೆ.

ಮೈಸೂರು, ಮಂಡ್ಯದಲ್ಲಿ ಬಿಸಿಲಿಗೆ ಬರವೇ?

ಬಿಸಿಲಿಗೆ ಬರವಿಲ್ಲ, ಬಿಸಿಲಿಗೆ ಮೈ ಒಡ್ಡುವುದಕ್ಕೆ ಬರ. ಮೈಸೂರು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ವರ್ಷದ ಹನ್ನೆರಡು ತಿಂಗಳೂ ಚರ್ಮದಲ್ಲಿ ಡಿ ತಯಾರಾಗುವಂಥ ಬಿಸಿಲು ಇಲ್ಲಿ ಬೀಳುತ್ತದೆ. ಆದರೆ ಬಾಣಂತಿ ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟಿಕೊಂಡು ಮೂರರಿಂದ ಐದು ತಿಂಗಳು ಕಿಟಕಿ ಮುಚ್ಚಿದ ಕೋಣೆಯಲ್ಲಿರುತ್ತಾಳೆ. ಮಗುವಿಗೆ ಕುಲಾವಿ, ಸ್ವೆಟರ್, ಸಾಲದ್ದಕ್ಕೆ ಹೊದಿಕೆ. ಬಸುರಿಯಾಗಿದ್ದಾಗಲೂ ಅವಳು ಬಿಸಿಲು ಕಂಡದ್ದು ಕಡಿಮೆಯಾದರೆ ಮಗು ಹುಟ್ಟುವಾಗಲೇ ಬರಿಗೈ. ಕಪ್ಪು ಚರ್ಮಕ್ಕೆ ಅಷ್ಟೇ ಡಿ ತಯಾರಿಸಲು ಬಿಳಿ ಚರ್ಮಕ್ಕಿಂತ ಹೆಚ್ಚು ಹೊತ್ತು ಬಿಸಿಲು ಬೇಕೆಂಬುದನ್ನೂ ಸೇರಿಸಿಕೊಳ್ಳಿ.

ಎಣ್ಣೆ ನೀರು ಹಾಕಿದ ಮೇಲೆ ಬೆಳಗ್ಗೆ ಏಳು ಗಂಟೆಯ ಎಳೆಬಿಸಿಲಿಗೆ ಮಗುವನ್ನು ಹಿಡಿಯುವ ರೂಢಿ ಇದೆಯಲ್ಲ, ಅದರಿಂದ ಮೈ ಬೆಚ್ಚಗಾಗುತ್ತದೆ, ಡಿ ಮಾತ್ರ ಹೆಚ್ಚು ಸಿಗುವುದಿಲ್ಲ. ಸೂರ್ಯ ಓರೆಯಾಗಿದ್ದಾಗ ಡಿ ತಯಾರಿಸುವ ನೇರಳಾತೀತ ಕಿರಣ ಗಾಳಿಯಲ್ಲೇ ಸೋಸಿ ಹೋಗುತ್ತದೆ. ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಿರುವ ಹೊತ್ತಿನ ಬಿಸಿಲೇ ಡಿ ಕೊಡುವ ಬಿಸಿಲು. ಆ ಹೊತ್ತಿನ ಬಿಸಿಲಿಗೆ ಆರು ತಿಂಗಳೊಳಗಿನ ಕೂಸನ್ನು ಒಡ್ಡುವುದು ಸರಿಯಲ್ಲ. ಮುಚ್ಚಿದ ಗಾಜಿನ ಕಿಟಕಿಯ ಹಿಂದೆ ಮಲಗಿಸಿದರೆ ಏನೂ ಸಿಗದು, ಗಾಜು ಆ ಕಿರಣವನ್ನು ತಡೆಯುತ್ತದೆ. ಹೀಗಾಗಿ ಕೂಸಿಗೆ ಉಳಿಯುವುದು ಡ್ರಾಪ್ಸ್ ಒಂದೇ.

ತಾಯಿ ಹಾಲಿನಲ್ಲಿ ಎಲ್ಲವೂ ಇರುತ್ತೆ ಅಂತೀರಿ. ಡಿ ಮಾತ್ರ ಇಲ್ಲವೇ?

ಇದೆ, ಸಾಲದು. ಒಂದು ಲೀಟರ್ ಎದೆಹಾಲಿನಲ್ಲಿ ಸಾಮಾನ್ಯವಾಗಿ 100 ಐಯುಗಿಂತ (ಐಯು ಅಂದರೆ ವಿಟಮಿನ್ ಅಳೆಯುವ ಮಾನ) ಕಡಿಮೆ, ಡಿ ಕೊರತೆಯ ತಾಯಿಯಲ್ಲಿ ಇನ್ನೂ ಕಡಿಮೆ. ಮಗು ಕುಡಿಯುವುದು ದಿನಕ್ಕೆ ಮುಕ್ಕಾಲು ಲೀಟರ್ ಆಸುಪಾಸು. ಬೇಕಾದದ್ದು ದಿನಕ್ಕೆ 400 ಐಯು. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಬಂದ ದಾಸ್ತಾನು ಎರಡು ಮೂರು ವಾರಕ್ಕೊಮ್ಮೆ ಅರ್ಧಕ್ಕಿಳಿಯುತ್ತ ಎರಡು ತಿಂಗಳ ಹೊತ್ತಿಗೆ ಹೆಚ್ಚು ಕಡಿಮೆ ಖಾಲಿ.

ಇದನ್ನು ಓದಿ ಎದೆಹಾಲು ಬಿಡಿಸಬೇಡಿ. ಆರು ತಿಂಗಳು ಎದೆಹಾಲು ಮಾತ್ರ, ಅದರ ಜೊತೆ ಡಿ ಡ್ರಾಪ್ಸ್. ಎರಡಕ್ಕೂ ಜಗಳವಿಲ್ಲ.

ಮಗುವಿನಲ್ಲಿ ಏನು ಕಂಡರೆ ಹೃದಯದ ಕಡೆ ಅನುಮಾನ ಪಡಬೇಕು?

ಹಾಲು ಕುಡಿಯುವುದನ್ನು ನೋಡಿ. ಎಳೆಗೂಸಿಗೆ ಹಾಲು ಕುಡಿಯುವುದೇ ಮೈಮುರಿಯುವ ಕೆಲಸ, ದೊಡ್ಡವರು ಮೆಟ್ಟಿಲು ಹತ್ತಿದ ಹಾಗೆ. ಹೃದಯ ಸೋಲುತ್ತಿರುವ ಮಗು ಎರಡು ಮೂರು ಗುಟುಕಿಗೆ ಬಾಯಿ ಬಿಟ್ಟು ಏದುಸಿರು ಬಿಡುತ್ತದೆ. ಸೆಖೆ ಇಲ್ಲದಿದ್ದರೂ ಹಣೆ ಬೆವರುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತಿದ್ದ ಹಾಲು ಮುಕ್ಕಾಲು ಗಂಟೆಯಾದರೂ ಮುಗಿಯುವುದಿಲ್ಲ. ನಡುವೆ ಸುಸ್ತಾಗಿ ನಿದ್ದೆ, ಅರ್ಧ ಗಂಟೆಗೆ ಹಸಿವಿಗೆ ಅಳು. ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಮಲಗಿಬಿಡುತ್ತದೆ.

ಉಸಿರು ಎಣಿಸಿ. ಮಗು ಮಲಗಿರುವಾಗ ಹೊಟ್ಟೆಯ ಬಟ್ಟೆ ಸರಿಸಿ, ಗಡಿಯಾರ ನೋಡುತ್ತ ಪೂರ್ತಿ 60 ಸೆಕೆಂಡ್ ಎಣಿಸಬೇಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಎಳೆ ಮಕ್ಕಳ ಉಸಿರು ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳಿನದಕ್ಕೆ 50 ಅಥವಾ ಹೆಚ್ಚು ಇದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಮೈ ಬೂದಿ ಬಣ್ಣಕ್ಕೆ ತಿರುಗಿ ಕೈಕಾಲು ತಣ್ಣಗಾದರೆ, ಹಾಲು ಪೂರ್ತಿ ಬಿಟ್ಟರೆ ಬೆಳಗಾಗಲೆಂದು ಕಾಯಬೇಡಿ.

ಪಕ್ಕೆ ಸೆಳೆತ, ಕಫ ಅಂದರು. ನೆಬ್ಯುಲೈಸರ್ ಕೊಟ್ಟರೂ ಇಳಿಯುತ್ತಿಲ್ಲ. ಹೃದಯವೇ ಇರಬಹುದೇ?

ಇರಬಹುದು. ಈ ಕಾಯಿಲೆ ಹೆಚ್ಚಾಗಿ ತಪ್ಪಿಹೋಗುವುದೇ ಇಲ್ಲಿ. ಹೃದಯ ಹಿಂದೆ ಬಿದ್ದಾಗ ಶ್ವಾಸಕೋಶದಲ್ಲಿ ನೀರು ಕಟ್ಟಿ ಗೊರಗೊರ ಸದ್ದು ಬರುತ್ತದೆ, ನ್ಯುಮೋನಿಯಾದ ಹಾಗೆಯೇ ಕಾಣುತ್ತದೆ. ಎಷ್ಟೋ ಸಲ ನಿಜವಾದ ನೆಗಡಿ ಕೆಮ್ಮೇ ಮೊದಲು ಬಂದು, ದಣಿದ ಹೃದಯವನ್ನು ಕೆಡವಿರುತ್ತದೆ.

ಬೇರ್ಪಡಿಸುವ ಗುರುತುಗಳು ಉಂಟು. ಜ್ವರ ಅಷ್ಟಿಲ್ಲದೆ ಎದೆಬಡಿತ ವಿಪರೀತ, ಬಲಪಕ್ಕೆಯ ಕೆಳಗೆ ಯಕೃತ್ತು ಎರಡು ಮೂರು ಬೆರಳಷ್ಟು ಕೈಗೆ ಸಿಗುವುದು, ಎಕ್ಸ್‌ರೇಯಲ್ಲಿ ಹೃದಯದ ನೆರಳು ದೊಡ್ಡದಾಗಿರುವುದು. ಅದೇ ಎದೆಯ ಎಕ್ಸ್‌ರೇಯಲ್ಲಿ ಪಕ್ಕೆಲುಬಿನ ಮುಂತುದಿ ಬಟ್ಟಲಿನಂತೆ ಅಗಲವಾಗಿದೆಯೇ ಎಂದೂ ಗಮನಿಸಬೇಕು. ಶ್ವಾಸಕೋಶ ನೋಡುವ ಆತುರದಲ್ಲಿ ಕಣ್ಣು ಅಲ್ಲಿಗೆ ಹೋಗುವುದೇ ಇಲ್ಲ. ಹಾಲು ಬಿಟ್ಟಿದೆ, ನೀರು ಕಡಿಮೆಯಾಗಿದೆ ಎಂದು ಡ್ರಿಪ್ ಜೋರಾಗಿ ಬಿಟ್ಟರೆ ಸೋತ ಹೃದಯ ಇನ್ನೂ ಮುಳುಗುತ್ತದೆ.

ಕಾಲು ನೆಟ್ಟಗಿದೆ. ರಿಕೆಟ್ಸ್ ಹೇಗೆ ಇರುತ್ತೆ?

ಕಾಲು ಬಾಗುವುದು ಮೈಭಾರ ಬಿದ್ದ ಮೇಲೆ, ಅಂದರೆ ನಿಂತು ನಡೆಯಲು ಶುರು ಮಾಡಿದ ಮೇಲೆ. ಹೃದಯ ಸೋಲುವುದು ಬಹುಪಾಲು ಅದಕ್ಕೂ ಮೊದಲು. ಮಲಗಿರುವ ಮಗುವಿನಲ್ಲಿ ನೋಡಬೇಕಾದದ್ದು ಬೇರೆ. ಕಿವಿಯ ಹಿಂಭಾಗದ ತಲೆಬುರುಡೆ ಒತ್ತಿದರೆ ಪಿಂಗ್‌ಪಾಂಗ್ ಚೆಂಡಿನಂತೆ ಒಳಗೆ ಹೋಗಿ ವಾಪಸ್ ಬರುತ್ತದೆ (ಮೂರು ತಿಂಗಳೊಳಗೆ ಇದು ಆರೋಗ್ಯವಂತ ಮಗುವಿನಲ್ಲೂ ಇರಬಹುದು). ನೆತ್ತಿ ವಯಸ್ಸಿಗೆ ಮೀರಿ ಅಗಲ, ಮಣಿಕಟ್ಟು ದಪ್ಪ, ಎದೆಯ ಎರಡೂ ಬದಿ ಪಕ್ಕೆಲುಬಿನ ಮೇಲೆ ಮಣಿಸರದಂತೆ ಗಂಟು. ಕೆಲವು ಮಕ್ಕಳಲ್ಲಿ ಇವು ಯಾವುದೂ ಕಾಣದೆ ಕ್ಯಾಲ್ಸಿಯಂ ಮಾತ್ರ ಕುಸಿದಿರುತ್ತದೆ. ಮೈ ತುಂಬಿಕೊಂಡು ದುಂಡಗಿರುವ ಮಗುವಿಗೆ ಕೊರತೆ ಇರಲಾರದು ಎಂಬ ನಂಬಿಕೆಯೂ ತಪ್ಪು. ಚೆನ್ನಾಗಿ ಬೆಳೆಯುವ ಮಗುವೇ ಹೆಚ್ಚು ಕ್ಯಾಲ್ಸಿಯಂ ಕೇಳುವುದು.

ಜ್ವರ ಇಲ್ಲದೆ ಫಿಟ್ಸ್ ಬಂತು. ಬಾಲಗ್ರಹ ಅಂತ ತಾಯತ ಕಟ್ಟಿಸಿದ್ದೇವೆ, ಸಾಕಲ್ಲ?

ತಾಯತ ಇರಲಿ, ಅದರ ಪಾಡಿಗೆ ಅದು. ಜ್ವರವಿಲ್ಲದೆ ಫಿಟ್ಸ್ ಬಂದ ಎಳೆಗೂಸಿಗೆ ಅದೇ ಗಂಟೆಯಲ್ಲಿ ರಕ್ತದ ಸಕ್ಕರೆ ಮತ್ತು ಕ್ಯಾಲ್ಸಿಯಂ ನೋಡಲೇಬೇಕು. ಬರೆ ಹಾಕಿಸುವುದು ಮಾತ್ರ ಬೇಡವೇ ಬೇಡ. ಫಿಟ್ಸ್ ಬರುವಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರು, ಬಜೆ, ಚಮಚ, ಬೆರಳು ಏನನ್ನೂ ಹಾಕಬೇಡಿ. ಎಷ್ಟು ನಿಮಿಷ ಬಂತೆಂದು ನೋಡಿಕೊಂಡು 108ಕ್ಕೆ ಕರೆ ಮಾಡಿ. ಕ್ಯಾಲ್ಸಿಯಂ ಕಡಿಮೆಯಾದಾಗ ಕೈಬೆರಳು ಸೆಟೆದುಕೊಳ್ಳುವುದು, ಮೈ ಅದುರುವುದು, ಉಸಿರೆಳೆಯುವಾಗ ಕೀರಲು ದನಿ ಬರುವುದೂ ಉಂಟು. ಇಂಥ ಮಗುವಿಗೆ ಕ್ಯಾಲ್ಸಿಯಂ ಕಡಿಮೆ ಎಂದು ಗೊತ್ತಾದಾಗ ಫಿಟ್ಸ್ ನಿಲ್ಲಿಸಿ ಮನೆಗೆ ಕಳಿಸಿದರೆ ಸಾಲದು. ಒಮ್ಮೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಎಂದು ಕೇಳಿ.

ಯಾವ ಯಾವ ಪರೀಕ್ಷೆ? ವರದಿ ಹೇಗೆ ಓದಬೇಕು?

ಮೊದಲನೆಯದು ರಕ್ತದ ಕ್ಯಾಲ್ಸಿಯಂ. ಒಟ್ಟು ಕ್ಯಾಲ್ಸಿಯಂ ಸಾಮಾನ್ಯವಾಗಿ 8.5ರಿಂದ 10.5 ಮಿ.ಗ್ರಾಂ/ಡೆ.ಲೀ. ಇರಬೇಕು. ಹೃದಯ ಸೋತ ಮಕ್ಕಳಲ್ಲಿ ಇದು 5, 6ಕ್ಕೆ ಇಳಿದಿರುವುದುಂಟು. ರಕ್ತದ ಪ್ರೋಟೀನಾದ ಆಲ್ಬುಮಿನ್ ಕಡಿಮೆ ಇದ್ದರೆ ಒಟ್ಟು ಕ್ಯಾಲ್ಸಿಯಂ ಸುಳ್ಳು ಹೇಳುತ್ತದೆ. ಬ್ಲಡ್ ಗ್ಯಾಸ್ ಯಂತ್ರ ಇದ್ದಲ್ಲಿ ಅಯಾನೈಸ್ಡ್ ಕ್ಯಾಲ್ಸಿಯಂ (ಪ್ರೋಟೀನಿಗೆ ಅಂಟದೆ ರಕ್ತದಲ್ಲಿ ಬಿಡಿಯಾಗಿರುವುದು) ನೋಡುವುದೇ ಉತ್ತಮ, ಅದು ಸುಮಾರು 1.1ರಿಂದ 1.35 ಮಿಲಿಮೋಲ್/ಲೀ. ನೇರಳೆ ಮುಚ್ಚಳದ ಟ್ಯೂಬಿನ ರಕ್ತ ಒಂದು ಹನಿ ಬೆರೆತರೂ ಕ್ಯಾಲ್ಸಿಯಂ ಸುಳ್ಳೇ ಕಡಿಮೆ, ಪೊಟ್ಯಾಸಿಯಂ ಸುಳ್ಳೇ ಹೆಚ್ಚು ತೋರಿಸುತ್ತದೆ. ಎರಡೂ ಒಟ್ಟಿಗೆ ವಿಚಿತ್ರವಾಗಿ ಬಂದರೆ ಮತ್ತೆ ರಕ್ತ ತೆಗೆಯಬೇಕು.

ಜೊತೆಗೆ ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಮೆಗ್ನೀಸಿಯಂ, ಕ್ರಿಯಾಟಿನಿನ್, ಪಿಟಿಎಚ್, 25-ಹೈಡ್ರಾಕ್ಸಿ ವಿಟಮಿನ್ ಡಿ. ಡಿ ಕೊರತೆಯಲ್ಲಿ ಪಿಟಿಎಚ್ ಮತ್ತು ಆಲ್ಕಲೈನ್ ಫಾಸ್ಫಟೇಸ್ ಏರಿರುತ್ತವೆ. ಡಿ ಮಟ್ಟ 12 ನ್ಯಾನೋಗ್ರಾಂ/ಮಿ.ಲೀ.ಗಿಂತ ಕಡಿಮೆಯಿದ್ದರೆ ಕೊರತೆ, 20ರ ಮೇಲಿದ್ದರೆ ಸಾಕು. ಕೆಲವು ಲ್ಯಾಬುಗಳು ನ್ಯಾನೋಮೋಲ್‌ನಲ್ಲಿ ಕೊಡುತ್ತವೆ. ಆ ಅಂಕಿಯನ್ನು 2.5ರಿಂದ ಭಾಗಿಸಿ ನೋಡಿ. 30 ಎಂದು ಬಂದದ್ದು ನ್ಯಾನೋಮೋಲ್ ಆಗಿದ್ದರೆ ಅದು 12 ಮಾತ್ರ.

ಇಸಿಜಿಯಲ್ಲಿ ಕ್ಯೂಟಿ ಅಂತರ (ಹೃದಯದ ಕೆಳಕೋಣೆಗಳ ವಿದ್ಯುತ್ ಚಟುವಟಿಕೆ ಶುರುವಾಗಿ ಮುಗಿಯುವ ಹೊತ್ತು) ಉದ್ದವಾಗಿರುತ್ತದೆ. ಬಡಿತಕ್ಕೆ ಹೊಂದಿಸಿದ ಮೇಲೆ 0.45 ಸೆಕೆಂಡ್ ಮೀರಿದರೆ ಕ್ಯಾಲ್ಸಿಯಂ ನೆನಪಾಗಬೇಕು. ಲ್ಯಾಬ್ ವರದಿ ಬರುವ ಮೊದಲೇ ಸುಳಿವು ಕೊಡುವ ಕಾಗದ ಅದೇ. ಎಕೋದಲ್ಲಿ ಹೃದಯ ಎಷ್ಟು ಹಿಗ್ಗಿದೆ, ಎಷ್ಟು ಒತ್ತುತ್ತಿದೆ ಎಂದು ಗೊತ್ತಾಗುತ್ತದೆ. ಎಜೆಕ್ಷನ್ ಫ್ರಾಕ್ಷನ್ (ಪ್ರತಿ ಬಡಿತಕ್ಕೆ ಎಡ ಕೋಣೆ ಹೊರಹಾಕುವ ರಕ್ತದ ಪಾಲು) ಶೇ. 55ರ ಮೇಲಿದ್ದರೆ ಸರಿ. ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಮೂಳೆಯ ತುದಿ ಬಟ್ಟಲಾಗಿ, ಕುಂಚದಂತೆ ಎಳೆ ಎಳೆಯಾಗಿ ಕಂಡರೆ ರಿಕೆಟ್ಸ್ ಖಚಿತ. ಡಿ ವರದಿ ಬರಲು ಒಂದೆರಡು ದಿನ ಆಗಬಹುದು, ಚಿಕಿತ್ಸೆ ಅದಕ್ಕಾಗಿ ಕಾಯುವುದಿಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಕ್ಯಾಲ್ಸಿಯಂ ಇಂಜೆಕ್ಷನ್ ಕೊಡುವಾಗ ಯಾವುದಕ್ಕೆ ಎಚ್ಚರ?

ಇದು ಡಾಕ್ಟರು, ನರ್ಸುಗಳಿಗೆ. ಶೇ. 10ರ ಕ್ಯಾಲ್ಸಿಯಂ ಗ್ಲುಕೋನೇಟ್, ಪ್ರತಿ ಕೆ.ಜಿ.ಗೆ 1ರಿಂದ 2 ಮಿ.ಲೀ., ಅಷ್ಟೇ ಪ್ರಮಾಣದ ಶೇ. 5ರ ಡೆಕ್ಸ್ಟ್ರೋಸ್ ಬೆರೆಸಿ ಕನಿಷ್ಠ 10 ನಿಮಿಷದಲ್ಲಿ ನಿಧಾನವಾಗಿ. ಎದೆಬಡಿತವನ್ನು ಮಾನಿಟರಿನಲ್ಲಿ ನೋಡುತ್ತಲೇ ಕೊಡಬೇಕು, ಮಾನಿಟರ್ ಇಲ್ಲದಿದ್ದರೆ ಒಬ್ಬರು ಸ್ಟೆತಸ್ಕೋಪ್ ಇಟ್ಟು ಕೇಳುತ್ತಿರಬೇಕು. ಬಡಿತ 100ಕ್ಕಿಂತ ಇಳಿದರೆ ನಿಲ್ಲಿಸಿ. ಜೋರಾಗಿ ತಳ್ಳಿದರೆ ಹೃದಯ ನಿಲ್ಲಬಹುದು. ಈ ದ್ರಾವಣದ ಒಂದು ಮಿ.ಲೀ.ನಲ್ಲಿರುವ ಕ್ಯಾಲ್ಸಿಯಂ ಸುಮಾರು 9.3 ಮಿ.ಗ್ರಾಂ. ಒಂದು ಬೋಲಸ್ಸಿನ ಫಲ ಕೆಲವೇ ಗಂಟೆ. ಆದ್ದರಿಂದ ಆಮೇಲೆ 24 ಗಂಟೆಗೆ ಪ್ರತಿ ಕೆ.ಜಿ.ಗೆ 4ರಿಂದ 8 ಮಿ.ಲೀ. ಲೆಕ್ಕದಲ್ಲಿ ಇನ್‌ಫ್ಯೂಷನ್ ಪಂಪ್ ಮೂಲಕ ಮುಂದುವರಿಸಬೇಕಾಗುತ್ತದೆ.

ಡ್ರಿಪ್ ಸೂಜಿ ರಕ್ತನಾಳದಿಂದ ಜಾರಿ ಕ್ಯಾಲ್ಸಿಯಂ ಚರ್ಮದಡಿ ಸೋರಿದರೆ ಆ ಜಾಗ ಸುಟ್ಟಂತೆ ಕೊಳೆಯುತ್ತದೆ. ಕೈಯನ್ನು ಬ್ಯಾಂಡೇಜಿನಲ್ಲಿ ಮುಚ್ಚಿಡದೆ ಸೂಜಿಯ ಜಾಗ ಕಣ್ಣಿಗೆ ಕಾಣುವಂತೆ ಇಡಿ. ಸೋಡಾ ಬೈಕಾರ್ಬೊನೇಟ್ ಅದೇ ಲೈನಿನಲ್ಲಿ ಹೋದರೆ ಸುಣ್ಣದಂತೆ ಗರಣೆ ಕಟ್ಟುತ್ತದೆ, ರಕ್ತದ ಅಯಾನೈಸ್ಡ್ ಕ್ಯಾಲ್ಸಿಯಂ ಅನ್ನೂ ಇಳಿಸುತ್ತದೆ. ಸೆಫ್ಟ್ರಿಯಾಕ್ಸೋನ್ ಜೊತೆಗೂ ಬೆರೆಯಬಾರದು. ನ್ಯುಮೋನಿಯಾ ಎಂದು ಆ ಆಂಟಿಬಯೋಟಿಕ್ ಮೊದಲೇ ಶುರುವಾಗಿರುತ್ತದೆ, ಅದಕ್ಕೇ ನೆನಪಿಸುತ್ತಿದ್ದೇವೆ. ಮೆಗ್ನೀಸಿಯಂ ಕಡಿಮೆ ಇದ್ದರೆ ಎಷ್ಟು ಕ್ಯಾಲ್ಸಿಯಂ ಹಾಕಿದರೂ ನಿಲ್ಲದು.

ಹೃದಯದ ಮದ್ದುಗಳಲ್ಲೂ ಲೆಕ್ಕ ಬದಲಾಗುತ್ತದೆ. ಫ್ರೂಸೆಮೈಡ್ ಶ್ವಾಸಕೋಶದ ನೀರಿಳಿಸುತ್ತದೆ, ಹಾಗೆಯೇ ಕ್ಯಾಲ್ಸಿಯಂ ಅನ್ನೂ ಮೂತ್ರಕ್ಕೆ ಬಿಡುತ್ತದೆ. ಡಿಗಾಕ್ಸಿನ್ ಕ್ಯಾಲ್ಸಿಯಂ ಇಲ್ಲದೆ ಕೆಲಸ ಮಾಡದು, ಡಿಗಾಕ್ಸಿನ್ ಮೇಲೆ ಕ್ಯಾಲ್ಸಿಯಂ ಓಡಿಸಿದರೆ ಬಡಿತ ದಾರಿತಪ್ಪುವ ಭಯ. ಬಡಿತಕ್ಕೆ ಬಲ ಕೊಡುವ ಔಷಧಿಗಳನ್ನು ಎಷ್ಟು ಏರಿಸಿದರೂ ಬಿ.ಪಿ. ಏಳದ ಎಳೆಗೂಸಿನಲ್ಲಿ ಕ್ಯಾಲ್ಸಿಯಂ ನೋಡದೆ ಇನ್ನೊಂದು ಔಷಧಿಗೆ ಕೈ ಹಾಕಬೇಡಿ.

ಕೊರತೆ ಇರುವುದು ಡಿಯದು. ಡಿ ಮಾತ್ರ ಕೊಟ್ಟರೆ ಆಗದೇ?

ಆಗದು, ಕೆಲವೊಮ್ಮೆ ಕೆಡುತ್ತದೆ. ಡಿ ಕೊಟ್ಟ ಕೂಡಲೇ ತಿಂಗಳುಗಟ್ಟಲೆ ಹಸಿದಿದ್ದ ಮೂಳೆ ರಕ್ತದ ಕ್ಯಾಲ್ಸಿಯಂ ಅನ್ನು ಎಳೆದುಕೊಳ್ಳತೊಡಗುತ್ತದೆ. ಆಗ ರಕ್ತದ ಮಟ್ಟ ಮತ್ತಷ್ಟು ಇಳಿದು ಫಿಟ್ಸ್ ಬರಬಹುದು, ಹೃದಯ ಕುಸಿಯಬಹುದು. ಇದಕ್ಕೆ ಹಂಗ್ರಿ ಬೋನ್ ಎನ್ನುತ್ತಾರೆ. ಅದಕ್ಕೇ ಕ್ಯಾಲ್ಸಿಯಂ ಮತ್ತು ಡಿ ಎರಡೂ ಒಟ್ಟಿಗೆ, ಮೊದಲ ದಿನಗಳಲ್ಲಿ ದಿನಕ್ಕೊಂದೆರಡು ಸಲ ರಕ್ತ ಪರೀಕ್ಷೆ.

ಡಿಸ್ಚಾರ್ಜ್ ಆದ ಮೇಲೆ ಮನೆಯಲ್ಲಿ ಎಷ್ಟು, ಹೇಗೆ ಕೊಡಬೇಕು?

ಒಂದು ವರ್ಷದೊಳಗಿನ ಮಗುವಿಗೆ ಚಿಕಿತ್ಸೆಯ ಅಳತೆ ದಿನಕ್ಕೆ 2000 ಐಯು, ಕನಿಷ್ಠ 12 ವಾರ. ಆಮೇಲೆ ದಿನಕ್ಕೆ 400 ಐಯು. ಬಾಟಲಿಯ ಲೇಬಲ್ ಓದದೆ ಕೊಡಬೇಡಿ. ಮೆಡಿಕಲ್ ಶಾಪಿನಲ್ಲಿ ಒಂದು ಮಿ.ಲೀ.ಗೆ 400 ಐಯು ಇರುವ ಡ್ರಾಪ್ಸೂ ಸಿಗುತ್ತದೆ, 800 ಐಯು ಇರುವುದೂ ಸಿಗುತ್ತದೆ. 2000 ಐಯು ಅಂದರೆ ಮೊದಲನೆಯದರಲ್ಲಿ 5 ಮಿ.ಲೀ., ಎರಡನೆಯದರಲ್ಲಿ 2.5 ಮಿ.ಲೀ. ಹಳೆ ಬಾಟಲಿ ಖಾಲಿಯಾಗಿ ಅಂಗಡಿಯವರು ಬೇರೆ ಕಂಪನಿಯದು ಕೊಟ್ಟಾಗ ಅಳತೆ ಎರಡರಷ್ಟೋ ಅರ್ಧವೋ ಆಗಿಬಿಡುತ್ತದೆ. ಬಾಟಲಿಯ ಜೊತೆ ಬಂದ ಡ್ರಾಪರ್ರನ್ನೇ ಬಳಸಿ, ಟೀ ಚಮಚ ಬೇಡ. ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿ, ಗಂಟಲಿಗೆ ನೇರ ಬಿಡಬೇಡಿ.

ಕ್ಯಾಲ್ಸಿಯಂ ಸಿರಪ್ಪಿನ ಲೆಕ್ಕ ಇನ್ನೂ ಗೊಂದಲದ್ದು. ಲೇಬಲಿನ ಮೇಲೆ ‘ಕ್ಯಾಲ್ಸಿಯಂ ಕಾರ್ಬೊನೇಟ್ 250 ಮಿ.ಗ್ರಾಂ’ ಎಂದಿದ್ದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ ಶೇ. 40, ಅಂದರೆ 100 ಮಿ.ಗ್ರಾಂ. ಡಾಕ್ಟರು ಬರೆಯುವುದು ಈ ನಿಜವಾದ ಕ್ಯಾಲ್ಸಿಯಂನ ಲೆಕ್ಕ, ‘ಎಲಿಮೆಂಟಲ್’ ಎನ್ನುವುದು ಅದನ್ನೇ. ಸಾಮಾನ್ಯವಾಗಿ ದಿನಕ್ಕೆ ಪ್ರತಿ ಕೆ.ಜಿ.ಗೆ 50ರಿಂದ 75 ಮಿ.ಗ್ರಾಂ, ಮೂರು ನಾಲ್ಕು ಸಲಕ್ಕೆ ಹಂಚಿ, ಹಾಲಿನ ಜೊತೆಗೆ. ಐದು ಕೆ.ಜಿ. ಮಗುವಿಗೆ 250ರಿಂದ 375 ಮಿ.ಗ್ರಾಂ. ಕೆಲವು ಸಿರಪ್ಪಿನಲ್ಲಿ ಡಿಯೂ ಸೇರಿರುತ್ತದೆ, ಅದನ್ನೂ ಡಾಕ್ಟರಿಗೆ ತೋರಿಸಿ. ಕಬ್ಬಿಣದ ಡ್ರಾಪ್ಸ್ ಇದ್ದರೆ ಎರಡು ಗಂಟೆ ಅಂತರ ಬಿಡಿ. ಹೃದಯದ ಔಷಧಿಗಳನ್ನು ಮಗು ಚುರುಕಾಯಿತೆಂದು ನಿಲ್ಲಿಸಬೇಡಿ.

60,000 ಐಯು ಸ್ಯಾಚೆಟ್ ಒಮ್ಮೆಗೇ ಕೊಟ್ಟರೆ ಬೇಗ ವಾಸಿಯಾಗಲ್ವಾ?

ದೊಡ್ಡವರು ವಾರಕ್ಕೊಂದು ತೆಗೆದುಕೊಳ್ಳುವ ಪುಡಿ ಅಥವಾ 5 ಮಿ.ಲೀ. ಶಾಟ್ ಅದು. ಅದರಲ್ಲಿರುವುದು ದಿನಕ್ಕೆ 400ರಂತೆ 150 ದಿನದ ಡಿ. ದಿನಾ ಒಂದರಂತೆ ಮೂರು ದಿನ ಕೊಟ್ಟರೆ ಮೂರು ತಿಂಗಳ ಚಿಕಿತ್ಸೆ ಮೂರೇ ದಿನದಲ್ಲಿ ಮೈಗೆ ಇಳಿದಂತೆ. ‘ವಾರಕ್ಕೊಮ್ಮೆ’ ಎಂದು ಬರೆದದ್ದನ್ನು ‘ದಿನಕ್ಕೊಮ್ಮೆ’ ಎಂದು ಓದಿದ್ದರಿಂದಲೇ ಆಗುವ ಅನಾಹುತ ಇದು. ವಾಂತಿ, ಮಲಬದ್ಧತೆ, ಮಂಕು, ಅತಿಯಾಗಿ ಉಚ್ಚೆ ಹೋಗುವುದು, ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಕೂರುವುದು ಅದರ ಫಲ. ಮೂರು ತಿಂಗಳೊಳಗಿನ ಮಗುವಿಗೆ ಒಮ್ಮೆಗೇ ದೊಡ್ಡ ಅಳತೆ ಕೊಡುವ ಪದ್ಧತಿ ಇಲ್ಲವೇ ಇಲ್ಲ.

ಹೃದಯ ಮೊದಲಿನಂತಾಗುತ್ತದೆಯೇ? ಎಷ್ಟು ದಿನ ಬೇಕು?

ಬದುಕುಳಿದ ಮಕ್ಕಳಲ್ಲಿ ಬಹುಪಾಲು ಆಗುತ್ತದೆ. ಕ್ಯಾಲ್ಸಿಯಂ ಸರಿಹೋದ ಕೆಲ ದಿನದಲ್ಲೇ ಉಸಿರು ಹಗುರಾಗಿ ಮಗು ಹಾಲು ಕುಡಿಯತೊಡಗುತ್ತದೆ. ಹಿಗ್ಗಿದ ಕೋಣೆ ಮೊದಲಿನ ಅಳತೆಗೆ ಬರಲು ವಾರಗಳು, ತಿಂಗಳುಗಳು ಬೇಕು. ಮೇಲೆ ಹೇಳಿದ ಲಂಡನ್ ಮಕ್ಕಳಲ್ಲಿ ಒತ್ತುವ ಬಲ ಪೂರ್ತಿ ಮರಳಲು ಸರಾಸರಿ ಒಂದು ವರ್ಷ ಹಿಡಿಯಿತು. ಅಲ್ಲಿಯವರೆಗೆ ಡಾಕ್ಟರು ಹೇಳಿದ ದಿನಕ್ಕೆ ಎಕೋಗೆ ಹೋಗಲೇಬೇಕು. ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಮೂರು ನಾಲ್ಕು ವಾರಕ್ಕೆ ಹೊಸ ಬಿಳಿ ಗೆರೆ ಮೂಡಿದರೆ ಮೂಳೆ ಮಾತು ಕೇಳುತ್ತಿದೆ ಎಂದರ್ಥ. ಮೂರು ತಿಂಗಳಾದರೂ ಮೂಡದಿದ್ದರೆ ಔಷಧಿ ಸರಿಯಾಗಿ ಹೋಗುತ್ತಿದೆಯೇ ಎಂದು ಮೊದಲು ನೋಡಿ, ಆಮೇಲೆ ಮೂತ್ರಪಿಂಡದ ತೊಂದರೆ, ವಂಶವಾಹಿಯಿಂದ ಬರುವ ರಿಕೆಟ್ಸ್ ಹುಡುಕುತ್ತಾರೆ.

ಡಿ ಕಡಿಮೆ ಬಂತು ಅಂದಮೇಲೆ ಬೇರೆ ಕಾರಣ ಹುಡುಕುವುದೇಕೆ?

ಡಿ ಕಡಿಮೆ ಇರುವ ಮಕ್ಕಳು ನಮ್ಮಲ್ಲಿ ಬಹಳ. ಹೃದಯ ಸೋತ ಮಗುವಿನಲ್ಲಿ ಡಿ ಕಡಿಮೆ ಎಂದ ಮಾತ್ರಕ್ಕೆ ಅದೇ ಕಾರಣವೆಂದಲ್ಲ. ಕ್ಯಾಲ್ಸಿಯಂ ಕೂಡ ಕುಸಿದಿದ್ದರೆ ಮಾತ್ರ ಮಾತು ನಂಬಬಹುದು. ಕ್ಯಾಲ್ಸಿಯಂ ಸರಿಯಿದ್ದು ಹೃದಯ ಹಿಗ್ಗಿದ್ದರೆ ಹೃದಯಕ್ಕೆ ರಕ್ತ ಕೊಡುವ ಎಡ ಕೊಳವೆ ತಪ್ಪಾಗಿ ಶ್ವಾಸಕೋಶದ ಅಪಧಮನಿಯಿಂದ ಹುಟ್ಟಿದೆಯೇ ಎಂದು ಎಕೋದಲ್ಲಿ ನೋಡಲೇಬೇಕು. ಅದಕ್ಕೆ ಆಪರೇಷನ್ನೇ ದಾರಿ. ವೈರಸ್ಸಿನಿಂದ ಬರುವ ಮಯೋಕಾರ್ಡೈಟಿಸ್ (ಹೃದಯದ ಸ್ನಾಯುವಿನ ಉರಿಯೂತ) ಇನ್ನೊಂದು. ಮೂರನೆಯದು ಥಯಾಮಿನ್ (ವಿಟಮಿನ್ ಬಿ1) ಕೊರತೆ. ನಂಜು ಎಂದು ಕಾಳು, ಸೊಪ್ಪು, ತರಕಾರಿ ಎಲ್ಲ ಬಿಡಿಸಿ ಬಾಣಂತಿಗೆ ಪಾಲಿಶ್ ಅಕ್ಕಿಯ ಅನ್ನ, ಮೆಣಸಿನ ಸಾರು ಮಾತ್ರ ಹಾಕುವ ಮನೆಗಳಲ್ಲಿ ಎದೆಹಾಲಿನಲ್ಲಿ ಥಯಾಮಿನ್ ಕಡಿಮೆಯಾಗಿ ಕೂಸಿನ ಹೃದಯ ಹಠಾತ್ತನೆ ಸೋಲಬಹುದು. ಥಯಾಮಿನ್ ಇಂಜೆಕ್ಷನ್ ಅಗ್ಗ, ತಡವಾದರೆ ಆಗುವ ನಷ್ಟ ದೊಡ್ಡದು. ಹೀಗಾಗಿ ಅನುಮಾನ ಬಂದರೆ ವೈದ್ಯರು ಕೊಟ್ಟೇಬಿಡುತ್ತಾರೆ. ಬಾಣಂತಿ ಏನೇನು ಉಣ್ಣುತ್ತಾಳೆಂದು ಡಾಕ್ಟರು ಕೇಳಿದಾಗ ಅತ್ತೆಯ ಮುಖ ನೋಡದೆ ಇದ್ದದ್ದು ಹೇಳಿ.

ರಾಗಿ ಸರಿ ತಿನ್ನಿಸುತ್ತೇವೆ. ರಾಗಿಯಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆಯಲ್ಲ?

ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ, ಧಾನ್ಯಗಳಲ್ಲಿ ಅದರ ಸಾಟಿ ಇನ್ನೊಂದಿಲ್ಲ. ಆದರೆ ಏಳು ತಿಂಗಳ ಮಗು ತಿನ್ನುವ ಸರಿಗೆ ಬೀಳುವುದು 20 ಗ್ರಾಂ ಹಿಟ್ಟು, ಅಂದರೆ 70 ಮಿ.ಗ್ರಾಂ. ಅದರಲ್ಲೂ ರಾಗಿಯಲ್ಲೇ ಇರುವ ಫೈಟೇಟ್ ಎಂಬ ಅಂಶ ಸ್ವಲ್ಪ ಕಟ್ಟಿಹಾಕುತ್ತದೆ. ಮೊಳಕೆ ಕಟ್ಟಿ ಒಣಗಿಸಿ ಹುರಿದು ಬೀಸಿದ ಹಿಟ್ಟಿನಲ್ಲಿ ಫೈಟೇಟ್ ಕಡಿಮೆ, ಅಜ್ಜಿಯರ ಆ ಕ್ರಮ ಸರಿಯಾದದ್ದೇ. ರಾಗಿಯಲ್ಲಿ ವಿಟಮಿನ್ ಡಿ ಇಲ್ಲ. ಡಿ ಡ್ರಾಪ್ಸ್ ಜೊತೆಗಿದ್ದರೆ ಸರಿಯಲ್ಲಿರುವ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ಆರು ತಿಂಗಳಿಗೆ ಮೊದಲು ಸರಿ ಶುರು ಮಾಡಬೇಡಿ.

ಹಸುವಿನ ಹಾಲು?

ವರ್ಷದೊಳಗೆ ಮುಖ್ಯ ಹಾಲಾಗಿ ಬೇಡ. ಅದರಲ್ಲಿ ಫಾಸ್ಫೇಟ್ ಹೆಚ್ಚು, ಎಳೆಗೂಸಿನಲ್ಲಿ ಅದೇ ಕ್ಯಾಲ್ಸಿಯಂ ಇಳಿಸಬಲ್ಲದು. ಪ್ಯಾಕೆಟ್ ಮೇಲೆ ‘+ಎಫ್’ ಗುರುತಿದ್ದರೆ ಡಿ ಬೆರೆಸಿದ ಹಾಲು, ಅದು ಮನೆಯ ದೊಡ್ಡವರಿಗೆ ಒಳ್ಳೆಯದು.

ಬಸುರಿ, ಬಾಣಂತಿಗೆ ಆಶಾ ಕೊಡುವ ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಮಗುವಿಗೂ ಸಾಲದೇ?

ಸರ್ಕಾರಿ ಮಾತ್ರೆಯಲ್ಲಿ 500 ಮಿ.ಗ್ರಾಂ ಕ್ಯಾಲ್ಸಿಯಂ, 250 ಐಯು ಡಿ ಇರುತ್ತದೆ. ಬಸಿರಿನ 14ನೇ ವಾರದಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ದಿನಕ್ಕೆ ಎರಡು. ಊಟವಾದ ಮೇಲೆ ನುಂಗಬೇಕು, ಕಬ್ಬಿಣದ ಮಾತ್ರೆಯ ಜೊತೆ ಸೇರಿಸಬಾರದು. ತಪ್ಪದೆ ನುಂಗಿ. ಆದರೆ ದಿನದ 500 ಐಯು ತಾಯಿಯ ಮೈಗೇ ಸರಿಹೋಗುತ್ತದೆ, ಹಾಲಿಗೆ ಇಳಿಯುವುದು ಅತ್ಯಲ್ಪ. ಮಗುವಿಗೆ ಅದರದೇ ಡ್ರಾಪ್ಸ್ ಬೇಕು. ಮಗುವಿನಲ್ಲಿ ರಿಕೆಟ್ಸ್ ಸಿಕ್ಕಿದರೆ ತಾಯಿಯ ಡಿ ಕೂಡ ನೋಡಿಸಿ.

ಹಳ್ಳಿಯಲ್ಲಿದ್ದೇವೆ. ಎಲ್ಲಿಗೆ ಕರೆದೊಯ್ಯಬೇಕು?

ಉಸಿರು ಜೋರಿದ್ದು ಮಗು ಹಾಲು ಬಿಟ್ಟಿದ್ದರೆ 108 ಹಿಡಿದು ಹತ್ತಿರದ ಮಕ್ಕಳ ಡಾಕ್ಟರಿರುವ ಆಸ್ಪತ್ರೆಗೆ. ಮಂಡ್ಯ ಕಡೆಯವರಿಗೆ ಮಂಡ್ಯದ ಮಿಮ್ಸ್, ಮೈಸೂರು ಕಡೆಯವರಿಗೆ ಚೆಲುವಾಂಬ ಆಸ್ಪತ್ರೆ. ಹೃದಯದ ವಿಶೇಷ ಪರೀಕ್ಷೆಗೆ ಅಲ್ಲಿಂದ ಮೈಸೂರಿನ ಜಯದೇವ ಆಸ್ಪತ್ರೆಗೆ ಕಳಿಸಬಹುದು. ನಾಗಮಂಗಲ, ಎಚ್.ಡಿ. ಕೋಟೆಯಂಥ ದೂರದ ತಾಲ್ಲೂಕುಗಳಲ್ಲಿ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿಸಿ, ಕ್ಯಾಲ್ಸಿಯಂಗೆ ರಕ್ತ ತೆಗೆಸಿ ಆಮೇಲೆ ಹೊರಡುವುದು ಕ್ಷೇಮ. ಬೈಕಿನಲ್ಲಿ ಬೇಡ. ಆಂಬುಲೆನ್ಸಿನಲ್ಲಿ ಮಗುವನ್ನು ಅಂಗಾತ ಮಲಗಿಸದೆ ತಲೆ, ಭುಜ ಎತ್ತರವಿರುವಂತೆ ಹಿಡಿದುಕೊಳ್ಳಿ. ತಾಯಿ ಕಾರ್ಡ್, ಹಳೆ ಚೀಟಿಗಳು, ಕೊಟ್ಟಿರುವ ಔಷಧಿಯ ಬಾಟಲಿಗಳು, ಆಧಾರ್ ಮತ್ತು ರೇಷನ್ ಕಾರ್ಡ್ ಒಂದೇ ಚೀಲದಲ್ಲಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ಕಾರ್ಡುಗಳು ಬೇಕಾಗುತ್ತವೆ.

ಆರೋಗ್ಯವಾಗಿರುವ ಮಗುವಿಗೆ ಡ್ರಾಪ್ಸ್ ಯಾವಾಗಿಂದ, ಯಾವಾಗಿನವರೆಗೆ? ಮರೆತರೆ?

ಹುಟ್ಟಿದ ಮೊದಲ ದಿನಗಳಿಂದ ಒಂದು ವರ್ಷ ತುಂಬುವವರೆಗೆ, ದಿನಕ್ಕೆ 400 ಐಯು. ಒಂದು ಮಿ.ಲೀ.ಗೆ 400 ಐಯು ಇರುವ ಡ್ರಾಪ್ಸಿನಲ್ಲಿ 1 ಮಿ.ಲೀ., 800 ಇರುವುದರಲ್ಲಿ ಅರ್ಧ ಮಿ.ಲೀ. ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಅಳತೆ ಬೇರೆ, ಡಾಕ್ಟರನ್ನು ಕೇಳಿ. ದಿನಾ ಎಣ್ಣೆ ನೀರು ಹಾಕುವ ಹೊತ್ತಿಗೆ ಕೊಟ್ಟರೆ ಮರೆಯುವುದಿಲ್ಲ. ಒಂದು ದಿನ ಮರೆತರೆ ಮರುದಿನ ಎಂದಿನಷ್ಟೇ ಕೊಡಿ, ಎರಡರಷ್ಟು ಬೇಡ. ತವರಿಂದ ಗಂಡನ ಮನೆಗೆ ಹೊರಡುವಾಗ ತೊಟ್ಟಿಲಿನ ಜೊತೆ ಡ್ರಾಪ್ಸ್ ಬಾಟಲಿಯೂ ಹೋಗಲಿ. ಆರು, ಹತ್ತು, ಹದಿನಾಲ್ಕನೇ ವಾರದ ಚುಚ್ಚುಮದ್ದಿಗೆ ಬಂದ ತಾಯಿಗೆ ‘ಡಿ ಡ್ರಾಪ್ಸ್ ನಡೀತಿದೆಯಾ? ಬಾಟಲಿ ತೋರಿಸವ್ವಾ’ ಎಂದು ಕೇಳುವ ಕೆಲಸ ಆಶಾ ಅಕ್ಕಂದಿರದು.